ರಜೆಯಿಲ್ಲದವನಿಗೆ ಉದ್ಯಾನವೆಲ್ಲಿ?

ನಿವೃತ್ತರಾದ ಗುಮಾಸ್ತರೊಬ್ಬರು ಮಗನ ಬಳಿ ನೆಲೆಸಲು ಅಮೇರಿಕೆಗೆ ಹೊರಟಿದ್ದಾರೆ. ವೀಸಾದ ಓಡಾಟದ ನಡುವೆ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಮೊನ್ನೆ ಮೊತ್ತಮೊದಲು ನೋಡಿ ಬಂದರು. ಅದೇ ಬೋರಿವಲಿಯಲ್ಲಿ ಮೂವತ್ತು ವರ್ಷ ಲೋಕಲ್ ಗಾಡಿ ಹತ್ತಿದವರು!

ನೂರು ಚದರ ಕಿಲೋಮೀಟರಿಗೂ ಮಿಕ್ಕ ಕಾಡು ಅದು; ಚಿರತೆಗಳ ನೆಲೆ. ಅಲ್ಲಿನ ವಿಹಾರ, ತುಳಸಿ ಕೆರೆಗಳ ನೀರು ಮುಂಬಯಿಯ ನಲ್ಲಿಗಳಿಗೆ ಹರಿಯುತ್ತದೆ. ಕಾನ್ಹೇರಿಯ ನೂರಕ್ಕೂ ಮೇಲ್ಪಟ್ಟ ಬೌದ್ಧ ಗುಹೆಗಳ ಬಳಿ ಮಳೆನೀರು ಹಿಡಿದಿಡಲು ಬಂಡೆಯಲ್ಲಿಯೇ ಕೊರೆದ ತೊಟ್ಟಿಗಳಿವೆ. ಚಾಳಿನ ನಲ್ಲಿಯೆದುರು ಕೊಡ ಹಿಡಿದು ನಿಂತವರಿಗೆ ಆ ಭಿಕ್ಷುಗಳ ಜಾಣ್ಮೆ ಬೇಗನೆ ಅರ್ಥವಾದೀತು.

ಹೊರಡುವ ಹೊತ್ತಿಗೆ ಊರು ನೋಡುವ ಈ ಪದ್ಧತಿಯನ್ನು ನಾವು ಹಳಿಯಲಾರೆವು. ಗುಮಾಸ್ತರಿಗೆ ಆದಿತ್ಯವಾರವಾದರೂ ಉಂಟು. ನಸುಕಿನಲ್ಲೆದ್ದು ಇಡ್ಲಿಯ ಒಲೆ ಹೊತ್ತಿಸುವ ನಮ್ಮ ಹೊಟೇಲು ಹುಡುಗನಿಗೆ? 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಅವನಿಗೆ ವಾರಕ್ಕೊಂದು ರಜೆಯನ್ನು ವಿಧಿಸಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಕಾನೂನೂ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿಯನ್ನು ಹೇಳುತ್ತದೆ. ಅವನಿಗೆ ಪಿಂಚಣಿಯೂ ಇಲ್ಲ, ವಿದೇಶದಲ್ಲಿ ಮಗನೂ ಇಲ್ಲ. ನೋಡುವುದಿದ್ದರೆ ಈಗಲೇ ನೋಡಬೇಕು.

ಮಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಸರದಿಯಂತೆ ಆ ದಿನವನ್ನು ತಪ್ಪದೆ ಕೊಡಿರಿ. ಸೋಮವಾರ ಮಾತ್ರ ಬೇಡ. ಅಂದು ಉದ್ಯಾನಕ್ಕೂ ರಜೆ.