ತೂಕವನ್ನು ಕೂಗಿ ಹೇಳಬೇಡಿ

ಕಳೆದ ತಿಂಗಳು ಕಾಲೇಜಿನಲ್ಲಿ ಆರೋಗ್ಯ ತಪಾಸಣೆ ನಡೆಯಿತು. ನಡೆದದ್ದು ಒಳ್ಳೆಯದೇ. ಆದರೆ ತೂಕದ ಯಂತ್ರದ ಮೇಲೆ ನಿಂತವರ ತೂಕವನ್ನು ಒಬ್ಬರು ಕೂಗಿ ಹೇಳಿದರು, ಇನ್ನೊಬ್ಬರು ಬಿಎಂಐ ಲೆಕ್ಕ ಹಾಕಿ ‘ನಾರ್ಮಲ್’, ‘ಓವರ್‌ವೇಟ್’ ಎಂದು ಬರೆದುಕೊಂಡರು, ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಂದಿನಿಂದ ನಮ್ಮ ತರಗತಿಯ ಇಬ್ಬರು ಮಧ್ಯಾಹ್ನದ ಡಬ್ಬಿ ತರುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಈ ಸೂತ್ರ 19ನೇ ಶತಮಾನದ ಬೆಲ್ಜಿಯಂನ ಕೆಟ್ಲೆ ಎಂಬವರದು. ಅವರು ವೈದ್ಯರಲ್ಲ, ಜನಸಮೂಹದ ಸರಾಸರಿ ಹುಡುಕುತ್ತಿದ್ದ ಸಂಖ್ಯಾಶಾಸ್ತ್ರಜ್ಞ. ಬಿಎಂಐ ಬರೀ ಮೊತ್ತ. ಬ್ಯಾಲೆನ್ಸ್ ಶೀಟ್‌ನಲ್ಲಿ ನಗದೆಷ್ಟು, ಸರಕೆಷ್ಟು, ಕಟ್ಟಡವೆಷ್ಟು ಎಂದು ತೋರಿಸದೆ ಒಟ್ಟು ಮಾತ್ರ ಬರೆದರೆ ನಮ್ಮ ಅಕೌಂಟೆನ್ಸಿ ಮೇಡಂ ಅರ್ಧ ಅಂಕವನ್ನೂ ಕೊಡುವುದಿಲ್ಲ. ದೇಹದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಮೂಳೆ ಎಷ್ಟು, ನೀರೆಷ್ಟು ಎಂದು ಬಿಎಂಐ ಹೇಳುವುದಿಲ್ಲ.

ನಮ್ಮ ಕಬಡ್ಡಿ ತಂಡದ ಗೆಳತಿಯ ತೂಕ 62 ಕಿಲೋ, ಎತ್ತರ 1.60 ಮೀಟರ್. (ಅವಳನ್ನು ಕೇಳಿಯೇ ಬರೆದಿದ್ದೇನೆ.) ಬಿಎಂಐ 24.2. ಭಾರತೀಯ ವಯಸ್ಕರಿಗೆ 23 ದಾಟಿದರೆ ಅಧಿಕ ತೂಕ ಎನ್ನುತ್ತಾರೆ, ಹಾಗಾಗಿ ಅವಳಿಗೂ ಆ ಹಣೆಪಟ್ಟಿ ಬಿತ್ತು. ಅವಳ ತೊಡೆಯ ಸ್ನಾಯುವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 18 ತುಂಬದವರಿಗೆ ವಯಸ್ಸು, ಲಿಂಗ ನೋಡಿ ಅಳೆಯುವ ಬೇರೆ ಪಟ್ಟಿಯೇ ಇದೆ ಎಂಬುದು ಇನ್ನೊಂದು ವಿಷಯ.

ಇನ್ನು ‘ನಾರ್ಮಲ್’ ಅನ್ನಿಸಿಕೊಂಡವರ ಕಥೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಬರೆದರು. ಇಬ್ಬರ ಬಿಎಂಐ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಕೂಡುವುದು ನಮ್ಮ ಕಡೆಯವರಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಗೆ ಅದೂ ಒಂದು ದಾರಿ. ನಮ್ಮ ಮನೆಯ ಮದುವೆಗಳಲ್ಲಿ ಖಾಲಾಗಳು ಒಬ್ಬಳನ್ನು ‘ಮೋಟಿ’, ಇನ್ನೊಬ್ಬಳನ್ನು ‘ದುಬ್ಲಿ’ ಎಂದು ಕಣ್ಣಳತೆಯಲ್ಲೇ ತೀರ್ಪು ಕೊಡುತ್ತಾರೆ. ಬಿಎಂಐ ಚೀಟಿಯೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತಿದೆ.

ಹುಡುಗರು ಜಿಮ್‌ನ ಯಂತ್ರವನ್ನು ನಂಬುತ್ತಾರೆ. ಅದು ದೇಹದೊಳಗೆ ಸಣ್ಣ ವಿದ್ಯುತ್ ಹರಿಸುತ್ತದೆ. ನೀರಿರುವ ಸ್ನಾಯುವಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಕಷ್ಟ. ಅದರಿಂದ ಕೊಬ್ಬಿನ ಶೇಕಡಾವನ್ನು ಅಂದಾಜು ಮಾಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಅಂದಾಜೂ ಕೆಡುತ್ತದೆ. ರಂಜಾನಿನಲ್ಲಿ ಇಫ್ತಾರ್‌ಗೆ ಮುಂಚೆ ಒಮ್ಮೆ, ನೀರು ಕುಡಿದು ರಾತ್ರಿ ಒಮ್ಮೆ ನಿಂತರೆ ಎರಡು ಬೇರೆ ಲೆಕ್ಕ ಬರಬಹುದು. ಅದನ್ನು ನೋಡಿ ಪ್ರೋಟೀನ್ ಪುಡಿಯ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯುವುದು ನನ್ನ ಪ್ರಕಾರ ದಂಡ ಖರ್ಚು.

ಮುಂದಿನ ತಪಾಸಣೆಗೆ ನನ್ನ ಕೋರಿಕೆ ಇಷ್ಟು: ತೂಕದ ಯಂತ್ರಕ್ಕೊಂದು ಪರದೆ ಇರಲಿ, ಫಲಿತಾಂಶವನ್ನು ಮಡಚಿದ ಚೀಟಿಯಲ್ಲಿ ಕೊಡಲಿ. ಹುಡುಗಿಯರಿಗೆ ಒಬ್ಬ ಮೇಡಂ ಸೊಂಟದ ಸುತ್ತಳತೆಯನ್ನೂ ತೆಗೆಯಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ. ಅದು ಎತ್ತರದ ಅರ್ಧ ದಾಟಿದ್ದರೆ ವೈದ್ಯರು ಅವರೊಬ್ಬರ ಹತ್ತಿರವೇ ಮಾತಾಡಲಿ. ಇದಕ್ಕೆ ಬೇಕಾದದ್ದು ಟೈಲರ್ ಟೇಪ್. ಅಮ್ಮಿ ಬಟ್ಟೆ ಹೊಲಿಯುತ್ತಾರೆ, ನಮ್ಮ ಮನೆಯಲ್ಲಿ ಎರಡಿವೆ. ಒಂದನ್ನು ನಾನೇ ತರುತ್ತೇನೆ.