ವಾಡೆಯ ಹೆಬ್ಬಾಗಿಲು

ಎರೆಯ ಸೀಮೆಯಲ್ಲಿ ಹೊಲಗಳಿಗೆ ಬೇಲಿಯಿಲ್ಲ. ನವಲಗುಂದದಿಂದ ಅಣ್ಣಿಗೇರಿಯವರೆಗೆ ಕಣ್ಣು ಹಾಯುವಷ್ಟು ದೂರವೂ ಕಪ್ಪು ಮಣ್ಣಿನ ಬಯಲು. ಒಬ್ಬನ ಹೊಲ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ತೊಡಗಿತೆಂಬುದನ್ನು ಒಂದು ಬದುವೋ ಒಂದು ಗಡಿಗಲ್ಲೋ ತಿಳಿಸಬೇಕು. ಇಂಥ ಬಟ್ಟಬಯಲಿನ ಜನರು ಊರೊಳಗೆ ಮಾತ್ರ ಎತ್ತರವಾದ ಗೋಡೆಗಳನ್ನೆಬ್ಬಿಸಿದರು. ಊರಿಗೊಂದು ಅಗಸಿ, ಅಗಸಿಯೊಳಗೆ ದೇಸಾಯರ ಇಲ್ಲವೆ ನಾಡಗೀರರ ವಾಡೆ, ವಾಡೆಗೆ ಮತ್ತೊಂದು ಹೆಬ್ಬಾಗಿಲು. ಮೊದಲ ನೋಟಕ್ಕೆ ಇದು ವಿಚಿತ್ರವೆನಿಸಿದರೂ ಕಾರಣ ಸರಳವಾಗಿದೆ. ಹೊಲದಲ್ಲಿ ನಿಂತ ಜೋಳವನ್ನು ಒಂದೇ ರಾತ್ರಿಯಲ್ಲಿ ಹೊತ್ತೊಯ್ಯುವುದು ಕಷ್ಟ. ರಾಶಿಯಾಗಿ ಹಗೇವು ಸೇರಿದ ಜೋಳವನ್ನು ಒಯ್ಯುವುದು ಸುಲಭ. ಹದಿನೆಂಟನೆಯ ಶತಮಾನದಲ್ಲಿ ಸವಣೂರ ನವಾಬರ, ಪೇಶ್ವೆಯರ, ಹೈದರ್-ಟಿಪ್ಪುಗಳ ದಂಡುಗಳು ಈ ಬಯಲನ್ನು ತುಳಿದುಹೋದವು. ದಂಡು ಬಂದಾಗ ಅದರ ಹೊಟ್ಟೆ ತುಂಬಬೇಕಾದುದು ಈ ಹಗೇವುಗಳಿಂದಲೇ.

ಹೆಬ್ಬಾಗಿಲ ರಚನೆಯಲ್ಲಿ ಈ ಭಯವೂ ಇದೆ, ಒಕ್ಕಲುತನದ ಲೆಕ್ಕವೂ ಇದೆ. ಹೇರು ತುಂಬಿದ ಚಕ್ಕಡಿ ತಡೆಯಿಲ್ಲದೆ ಒಳಹೋಗುವಷ್ಟು ಎತ್ತರ. ದಪ್ಪ ಹಲಗೆಯ ಎರಡು ಕದಗಳು. ಹಿಂದೆ ಗೋಡೆಯ ಹೊಟ್ಟೆಯೊಳಗೆ ಸರಿಯುವ ಮರದ ಅಗುಳಿ. ಕದದಲ್ಲಿಯೇ ಕೊರೆದ ಚಿಕ್ಕ ದಿಡ್ಡಿ ಬಾಗಿಲಿನಿಂದ ಒಬ್ಬೊಬ್ಬರಾಗಿ ತಲೆ ಬಾಗಿಸಿಯೇ ಒಳಗೆ ಬರಬೇಕು. ತಲೆ ಬಾಗಿಸಿದವನ ಕೈಯಲ್ಲಿ ಕತ್ತಿಯಿದ್ದರೂ ಅದು ನಿರುಪಯುಕ್ತ! ಬಾಗಿಲಿನ ಇಕ್ಕೆಲಗಳಲ್ಲಿ ಕಟ್ಟೆಗಳು. ಕಟ್ಟೆಯ ಮೇಲೆ ಕೂಡಬಲ್ಲವರು ಯಾರು, ಕೆಳಗೆ ನಿಲ್ಲಬೇಕಾದವರು ಯಾರು, ಹೊಸ್ತಿಲನ್ನು ದಾಟಲೇಬಾರದವರು ಯಾರು ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಊರಿನ ಮಗುವಿಗೂ ಅದು ತಿಳಿದಿತ್ತು.

1858ರಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯ ಅಡಗಿದ ಮೇಲೆ ದಂಡಿನ ಭಯ ತೀರಿತು. ಗೋಡೆ ಕಾಯುವ ಕೆಲಸವನ್ನು ಬಿಟ್ಟು ಮೆರೆಯುವ ಕೆಲಸವನ್ನು ಹಿಡಿಯಿತು. ಅದೇ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಹೊರವಲಯಗಳಲ್ಲಿ ಮಧ್ಯಮ ವರ್ಗದ ಗೃಹಸ್ಥರು ಮನೆಯ ಮುಂದೆ ಮೊಳಕಾಲೆತ್ತರದ ಇಟ್ಟಿಗೆಯ ಗೋಡೆ, ಅದರ ಮೇಲೆ ಎರಕದ ಕಬ್ಬಿಣದ ಸರಳುಗಳು, ನಡುವೆ ಚಿಕ್ಕ ಗೇಟು ಇವುಗಳನ್ನು ನಿಲ್ಲಿಸತೊಡಗಿದ್ದರು. ಧಾರವಾಡದ ಅಧಿಕಾರಿಗಳ ಬಂಗಲೆಗಳೊಡನೆ ಆ ಪದ್ಧತಿಯೂ 'ಕಂಪೌಂಡು' ಎಂಬ ಶಬ್ದವೂ ಇಲ್ಲಿಗೆ ಬಂದವು. ವಾಡೆಯ ಗೋಡೆ ಒಳಗಿನ ಸಿರಿಯನ್ನು ಮರೆಮಾಡುತ್ತಿತ್ತು. ಸರಳಿನ ಗೇಟು ಹೂದೋಟವನ್ನು ದಾರಿಹೋಕನಿಗೆ ತೋರಿಸಿ, ಒಳಗೆ ಬಾರದಿರು ಎನ್ನುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯಾದುದೆಂದು ಹೇಳುವುದು ಕಷ್ಟ. (ಆ ಸರಳುಗಳಿಗೂ ಒಳ್ಳೆಯ ಗತಿಯಾಗಲಿಲ್ಲ, ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬೀದಿಬೀದಿಗಳಿಂದ ಅವನ್ನು ಕೊಯ್ದು ಗುಜರಿಗೆ ಒಯ್ದರು.)

ಧಾರವಾಡದ ಅಂಥ ಒಂದು ಆವರಣದ ಕಥೆಯನ್ನು ಗಂಗೂಬಾಯಿ ಹಾನಗಲ್ಲರು ಹೇಳುತ್ತಿದ್ದರು. ಬಾಲ್ಯದಲ್ಲಿ ಅವರು ನೆರೆಯ ಸಿರಿವಂತ ಬ್ರಾಹ್ಮಣರ ತೋಟದಿಂದ ಮಾವಿನಕಾಯಿ ಕದ್ದರು. ಮನೆಯವರು ಸಿಟ್ಟಾದುದು ಕಳುವಿಗಾಗಿ ಅಲ್ಲ, ಗಾಯಕಿಯೊಬ್ಬಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳೆಂದು! ಅವರೇ ಮುಂದೆ ಹೆಸರಾಂತ ಗಂಗೂಬಾಯಿಯವರನ್ನು ಮನೆಗೆ ಆದರದಿಂದ ಕರೆದರು.

ಇದನ್ನು ಕೇಳಿದ ಮೇಲೆ ಕುಂದಗೋಳದ ನಾಡಗೀರ ವಾಡೆಯ ಮಹತ್ವ ತಿಳಿಯುತ್ತದೆ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಆ ವಾಡೆಗೆ ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮಖಾನರು ಅತಿಥಿಯಾಗಿ ಬರುತ್ತಿದ್ದರು. ಆ ಮನೆತನದ ಕಾರಕೂನರ ಮಗ ರಾಮಭಾವೂನ ಕಂಠವನ್ನು ಅವರು ಮೆಚ್ಚಿ ಶಿಷ್ಯನನ್ನಾಗಿ ಮಾಡಿಕೊಂಡರೆಂದು ಹೇಳುವರು. ಆ ಹುಡುಗನೇ ಸವಾಯಿ ಗಂಧರ್ವ. ಮುಂದೆ ಅವರಲ್ಲಿ ಕಲಿಯಲೆಂದು ಗದಗಿನಿಂದ ಭೀಮಸೇನ ಜೋಶಿಯವರು ಬಂದರು. ಹುಬ್ಬಳ್ಳಿಯಿಂದ ಗಂಗೂಬಾಯಿಯವರು ರೈಲಿನಲ್ಲಿ ಬಂದು ಹೋಗುತ್ತಿದ್ದರು. ಗುರುಗಳು 1952ರಲ್ಲಿ ತೀರಿಕೊಂಡರು. ಅವರ ಪುಣ್ಯತಿಥಿಯ ಸಂಗೀತೋತ್ಸವ ಅದೇ ವಾಡೆಯಲ್ಲಿ ನಡೆದುಬಂದಿದೆ. ತೋಟವೊಂದರಿಂದ ಗದರಿಸಿಕೊಂಡ ಗಂಗೂಬಾಯಿಯವರು ಇಲ್ಲಿ ಎಷ್ಟೋ ವರುಷ ಹಾಡಿದರು.

ನವಲಗುಂದದ ಸಂಬಂಧವುಳ್ಳ ಇನ್ನೊಬ್ಬರನ್ನೂ ನೆನೆಯಬೇಕು. ಶಿರಸಂಗಿ-ನವಲಗುಂದ ಸಂಸ್ಥಾನದ ಲಿಂಗರಾಜ ದೇಸಾಯರು 1906ರಲ್ಲಿ ನಿಧನರಾದಾಗ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟಿದ್ದರು.

ಉಳಿದ ವಾಡೆಗಳ ಕಥೆ ಬೇರೆ. 1950ರ ಮುಂಬಯಿ ಕಾಯಿದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿಯ ಭೂಮಿಯನ್ನು ಉಳುವವನಿಗೆ ಕೊಟ್ಟಿತು. ನ್ಯಾಯವೇ ಆಯಿತು. ಆದರೆ ಗೋಡೆಯನ್ನು ವರುಷ ವರುಷ ಮೆತ್ತುತ್ತಿದ್ದುದು ಆ ಗೇಣಿಯ ಹಣದಿಂದಲೇ, ಬಿಟ್ಟಿಯ ದುಡಿಮೆಯಿಂದಲೇ. ಅನಂತರ ಹಿಸ್ಸೆಗಳಾದವು. ಅಣ್ಣತಮ್ಮಂದಿರು ಅಂಗಳದ ನಡುವೆ ಇಟ್ಟಿಗೆಯ ಹೊಸ ಗೋಡೆಗಳನ್ನು ಹಾಕಿಕೊಂಡರು. ಹೊರಗೋಡೆ ಮಾತ್ರ ಎಲ್ಲರಿಗೂ ಸೇರಿದ್ದರಿಂದ ಯಾರಿಗೂ ಸೇರದೆ ನಿಂತಿತು. ಅಣ್ಣಿಗೇರಿಯ ಅಮೃತೇಶ್ವರನ ಗುಡಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಜನ ಬಾಳುವ ಮನೆಯ ಮಣ್ಣಿನ ಗೋಡೆಗೆ ಸಾಮಾನ್ಯವಾಗಿ ಮನೆಯವರದೇ ರಕ್ಷಣೆ.

ಆ ರಕ್ಷಣೆಯಲ್ಲಿಯೂ ಒಂದು ತಪ್ಪು ಮೇಲಿಂದ ಮೇಲೆ ನಡೆಯುತ್ತಿದೆ. ಮಣ್ಣಿನ ಗೋಡೆ ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟು ಬಳಿಯುವರು. ಮಣ್ಣಿನ ಗೋಡೆ ಹೀರಿದ ನೀರನ್ನು ಮೈಯಿಂದಲೇ ಹೊರಗೆ ಬಿಡಬೇಕು. ಸಿಮೆಂಟು ಆ ದಾರಿಯನ್ನು ಕಟ್ಟುತ್ತದೆ. ಒಳಗಿನ ತೇವದಿಂದ ಬುಡ ಮೆತ್ತಗಾಗಿ, ಹೊರಗೆ ಅಚ್ಚುಕಟ್ಟಾಗಿ ಕಾಣುವ ಗೋಡೆ ಒಂದು ದಿನ ಕುಸಿಯುವುದು. 2019ರ ಮಳೆಗೆ ಈ ಸೀಮೆಯಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಹಾಗೆಂದು ಹೊಸ ಕಾಂಕ್ರೀಟಿನ ಗೋಡೆಯೂ ನಿಶ್ಚಿಂತವಲ್ಲ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬುನಾದಿ ಗರಸು ಮುಟ್ಟದಿದ್ದರೆ ನಾಲ್ಕೈದು ವರುಷಗಳಲ್ಲಿಯೇ ಕಂಪೌಂಡು ಅಡ್ಡಡ್ಡ ಸೀಳುವುದು.

ಹಳಬರು ಗೋಡೆಯ ಕಾಲಿಗೆ ಕಲ್ಲು ಕಟ್ಟಿ, ತಲೆಗೆ ಕಲ್ಲುಹಾಸನ್ನೋ ಕರಲು ಮಣ್ಣನ್ನೋ ಹೊದಿಸಿ, ಮಿರುಗದ ಮಳೆಗೆ ಮುಂಚೆ ಮಣ್ಣಿಗೆ ಹೊಟ್ಟು ಬೆರೆಸಿ ಕೊಳೆಹಾಕಿ ಮೆತ್ತುತ್ತಿದ್ದರು. ಇಂದಿಗೂ ಇದಕ್ಕೆ ತಗಲುವ ವೆಚ್ಚ ಸಿಮೆಂಟಿಗಿಂತ ಹೆಚ್ಚಲ್ಲ. ಬೇಕಾದುದು ಪಾಲುದಾರರೆಲ್ಲ ಒಂದು ದಿನ ಹೆಬ್ಬಾಗಿಲ ಕಟ್ಟೆಯ ಮೇಲೆ ಕೂಡಿ ಕುಳಿತು ಮಾತನಾಡುವುದು. ಅಷ್ಟು ಹೊತ್ತಿಗೆ ಕದಗಳನ್ನು ಹಳೆಯ ಸಾಮಾನಿನ ವ್ಯಾಪಾರಿ ಕೊಂಡೊಯ್ದಿರದಿದ್ದರೆ ಸಾಕು.