ಗುರಿ ಹಿಡಿದವಳನ್ನು ‘ಯಾರ ಭಯ?’ ಎಂದು ಕೇಳಬೇಡಿ

ನಮ್ಮ ಆಫೀಸಿನಲ್ಲಿ ಶನಿವಾರ ಬೆಳಗ್ಗೆ ಸಿಂಹಗಡ ಹತ್ತುವವರಿದ್ದಾರೆ, ಸೈಕಲ್ ಹೊಡೆಯುವವರಿದ್ದಾರೆ, ನಲವತ್ತೈದಕ್ಕೆ ಗಿಟಾರ್ ಕಲಿಯಲು ಹೊರಟವರೂ ಇದ್ದಾರೆ. ಯಾಕೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಪಿಸ್ತೂಲ್ ಶೂಟಿಂಗಿಗೆ ಹೋಗುತ್ತೇನೆ. ಮೂರು ವರ್ಷವಾಯಿತು. ಪುಣೆಯಲ್ಲಿ ಕ್ಲಬ್ ಮಟ್ಟದ ಪಂದ್ಯಗಳಿದ್ದರೆ ಹೆಸರನ್ನೂ ಕೊಡುತ್ತೇನೆ. ಈ ಮೂರು ವರ್ಷದಲ್ಲಿ ಒಂದೇ ಪ್ರಶ್ನೆಯನ್ನು ಮೂರು ಭಾಷೆಗಳಲ್ಲಿ ಕೇಳಿಸಿಕೊಂಡಿದ್ದೇನೆ. ಆಫೀಸಿನವರು ಇಂಗ್ಲಿಷಿನಲ್ಲಿ ಕೇಳಿದರು, ಪಕ್ಕದ ಫ್ಲ್ಯಾಟಿನವರು ಮರಾಠಿಯಲ್ಲಿ ಕೇಳಿದರು, ಹಾವೇರಿಯಿಂದ ಬಂದಿದ್ದ ನಮ್ಮ ದೊಡ್ಡಪ್ಪ ನಮ್ಮ ಮಾತಿನಲ್ಲೇ ಕೇಳಿದರು: “ಯಾಕವಾ, ಯಾರದರ ಅಂಜಿಕಿ ಐತೇನು?”

ನನ್ನ ತಂಡದ ಹುಡುಗನೊಬ್ಬ ಅದೇ ರೇಂಜಿಗೆ ಬರುತ್ತಾನೆ. ಸೋಮವಾರ ಅವನನ್ನು ಎಲ್ಲರೂ ಕೇಳುವುದು ಸ್ಕೋರು.

ಕೇಳುವವರ ಮನಸ್ಸು ಕೆಟ್ಟದ್ದು ಎನ್ನುತ್ತಿಲ್ಲ. ದೊಡ್ಡಪ್ಪನದು ಕಳಕಳಿಯೇ. ಆದರೆ ಆ ಕಳಕಳಿಯ ಹಿಂದೆ ಒಂದು ನಿಯಮ ಕೂತಿದೆ. ಗಂಡಸು ಒಂದು ಕೆಲಸವನ್ನು ಇಷ್ಟ ಎಂಬ ಕಾರಣಕ್ಕೆ ಮಾಡಬಹುದು. ಹೆಂಗಸಿಗೆ ಆಸೆ ಸಾಲದು, ಆಪತ್ತು ಬೇಕು. ಈಜು ಕಲಿತರೆ ಬೆನ್ನುನೋವಿಗೆ, ಕಾರು ಕಲಿತರೆ ಮಕ್ಕಳನ್ನು ಶಾಲೆಗೆ ಬಿಡಲಿಕ್ಕೆ, ಪಿಸ್ತೂಲು ಹಿಡಿದರೆ ಮಾನ ಕಾಪಾಡಿಕೊಳ್ಳಲಿಕ್ಕೆ. ಈ ನಿಯಮವನ್ನು ನಾನು ಒಪ್ಪುವುದಿಲ್ಲ. ನೀವೂ ಒಪ್ಪಬಾರದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಟ ಏನೆಂದು ನೋಡಿ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಗುರಿಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತು, 75 ನಿಮಿಷದಲ್ಲಿ 60 ಸಲ ಹೊಡೆಯಬೇಕು. ಪ್ರತಿ ಹೊಡೆತಕ್ಕೂ 4.5 ಮಿಲಿಮೀಟರಿನ ಒಂದು ಪೆಲೆಟ್ಟನ್ನು ಕೈಯಿಂದ ತುಂಬಬೇಕು. ಕಳ್ಳ ಬಂದರೆ “ಸ್ವಲ್ಪ ತಡೆಯಪ್ಪಾ” ಎಂದು ಹೇಳಿ ತುಂಬಿಕೊಳ್ಳಬೇಕಷ್ಟೆ! ಇಲ್ಲಿ ಗೆಲ್ಲಬೇಕಾದದ್ದು ನಮ್ಮದೇ ಉಸಿರನ್ನು, ನಡುಗುವ ಮಣಿಕಟ್ಟನ್ನು, ಹಿಂದಿನ ಹೊಡೆತ ಕೆಟ್ಟಿತಲ್ಲ ಎಂಬ ಕೊರಗನ್ನು. ವಾರವಿಡೀ ಎಸ್ಕಲೇಷನ್ ಮೇಲುಗಳಿಗೆ ಉತ್ತರ ಬರೆಯುವ ನನಗೆ ಈ 75 ನಿಮಿಷದ ಮೌನವೇ ದೊಡ್ಡ ಸಂಬಳ.

“ಅಮೆರಿಕದಲ್ಲಿ ಹೆಂಗಸರು ಆತ್ಮರಕ್ಷಣೆಗೇ ಕಲಿಯುತ್ತಾರಲ್ಲ” ಎಂದು ವಾದಿಸುವವರಿದ್ದಾರೆ. ಹೌದು, ರಕ್ಷಣೆಯನ್ನೇ ಹೆಸರಿನಲ್ಲಿಟ್ಟುಕೊಂಡ ಪಂದ್ಯಗಳು ಅಲ್ಲಿವೆ. 1996ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ಟಲ್ ಅಸೋಸಿಯೇಷನ್ನಿನ ನಿಯಮದಂತೆ ಊರೂರಿನ ಕ್ಲಬ್ಬುಗಳು ಅವನ್ನು ನಡೆಸುತ್ತವೆ. ಅಂಗಿಯ ಮರೆಯಲ್ಲಿ ಪಿಸ್ತೂಲು, ಅಡ್ಡಗೋಡೆಗಳು, ರಟ್ಟಿನ ಗುರಿಗಳು, ಟೈಮರಿನ ಬೀಪ್. ಹೊಡೆಯಬಾರದ ಗುರಿಗೆ ತಾಗಿಸಿದರೆ ದಂಡ. ತೆಗೆದುಕೊಂಡ ಸಮಯಕ್ಕೆ ಕಳೆದುಕೊಂಡ ಅಂಕಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಗಂಡಸರಿಗೆ ಹಾಕಿದ ಅಂಕಣದಲ್ಲೇ ಹೆಂಗಸರೂ ಓಡುತ್ತಾರೆ.

ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ಸಹೋದ್ಯೋಗಿ, ದಾವಣಗೆರೆಯವಳು, ಇಂಥ ಪಂದ್ಯಗಳಿಗೆ ಹೋಗುತ್ತಾಳೆ. ಅವಳು ಹೇಳಿದ ಮಾತು ನೆನಪಿದೆ: “ಮೊದಲನೇ ಸಲ ಹೋಗಿದ್ದು ಭಯಕ್ಕೆ ಕಣೇ. ಎರಡನೇ ಸಲ ಹೋಗಿದ್ದು ಇನ್ನೂ ನಾಲ್ಕು ಸೆಕೆಂಡ್ ಬೇಗ ಮುಗಿಸಬೇಕು ಅಂತ.” ಜನ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದಾದ ಆ ನಾಡಿನಲ್ಲೇ ಬೀಪ್ ಆದ ಮೇಲೆ ಅದು ಆಟವಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸಿಗೇ ವರ್ಷಗಟ್ಟಲೆ ಅಲೆಯಬೇಕಾದ ನಮ್ಮಲ್ಲಿ ಮಾತ್ರ ಆಟವೂ ಆತ್ಮರಕ್ಷಣೆಯಾಗಿಬಿಡುತ್ತದೆ!

“ಆಟ ಅಂತಲೇ ಇಟ್ಟುಕೊಳ್ಳಿ, ಕಷ್ಟಕಾಲಕ್ಕೆ ಆದರೆ ಒಳ್ಳೆಯದಲ್ಲವೇ?” ಇದು ನಯವಾದ ವಾದ, ಅದಕ್ಕೇ ಹೆಚ್ಚು ಅಪಾಯದ್ದು. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ದೆಹಲಿಯ 2012ರ ಡಿಸೆಂಬರ್ ಪ್ರಕರಣದ ಬಳಿಕ, ಹೆಂಗಸರಿಗೆಂದೇ ಮಾಡಿದ್ದು. ತೂಕ ಅರ್ಧ ಕಿಲೋ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬೀದಿಗೆ ದೀಪ ಹಾಕುವುದು, ರಾತ್ರಿ ಬಸ್ಸು ಬಿಡುವುದು, ಠಾಣೆಗೆ ಬಂದವಳ ದೂರನ್ನು ಮರುಮಾತಿಲ್ಲದೆ ಬರೆದುಕೊಳ್ಳುವುದು, ಇವೆಲ್ಲ ಮಾಡಬೇಕಾದ ವ್ಯವಸ್ಥೆಯೇ ಅವಳ ಕೈಗೊಂದು ಬಿಲ್ಲು ಕೊಟ್ಟು ‘ನಿನ್ನನ್ನು ನೀನೇ ನೋಡಿಕೋ’ ಎಂದ ಹಾಗಾಯಿತು.

ಅದೂ ಯಾರಿಂದ ಕಾಪಾಡಿಕೊಳ್ಳಬೇಕು? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಗಳನ್ನು ತೆರೆದು ನೋಡಿ. ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತನೇ. ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ. ಹಬ್ಬದ ಊಟಕ್ಕೆ ಬಂದ ಚಿಕ್ಕಪ್ಪನ ಎದುರು ಹುಡುಗಿ ಪಿಸ್ತೂಲು ಹಿಡಿದು ಕೂರಬೇಕೇ? ನಾಳೆ ಶೂಟಿಂಗ್ ಕಲಿತ ಹುಡುಗಿಯೊಬ್ಬಳಿಗೆ ಅನಾಹುತವಾದರೆ ಊರು ಏನೆನ್ನುತ್ತದೆ ಎಂಬುದೂ ನನಗೆ ಗೊತ್ತು: “ಅಷ್ಟೆಲ್ಲ ಕಲಿತಿದ್ದಳಲ್ಲ, ಏನು ಮಾಡಿದಳು?” ರಕ್ಷಣೆಯ ಹೊಣೆಯನ್ನು ಅವಳ ಕೈಗೆ ಕೊಟ್ಟರೆ ಸೋಲಿನ ಅಪವಾದವೂ ಅದರ ಹಿಂದೆಯೇ ಬರುತ್ತದೆ.

ಇನ್ನೊಂದು ನಷ್ಟವಿದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ರೇಂಜಿಗೆ ಹದಿನೈದರ ಹುಡುಗಿಯೊಬ್ಬಳು ಬರುತ್ತಿದ್ದಳು. ಧೈರ್ಯ ಬರಲಿ ಎಂದು ಅಪ್ಪ ಸೇರಿಸಿದ್ದರು. ಒಂದೂವರೆ ವರ್ಷದಲ್ಲಿ ಅವಳ ಸ್ಕೋರು 600ಕ್ಕೆ 560 ದಾಟತೊಡಗಿತು. ಹತ್ತನೇ ಕ್ಲಾಸು ಬಂತು. “ಧೈರ್ಯ ಬಂತಲ್ಲ, ಇನ್ನು ಓದಲಿ” ಎಂದು ಬಿಡಿಸಿದರು. ಅವಳ ಅಣ್ಣನಿಗೂ ಬೋರ್ಡ್ ಪರೀಕ್ಷೆ ಇತ್ತು, ಅವನ ಕ್ರಿಕೆಟ್ ಕೋಚಿಂಗ್ ನಿಲ್ಲಲಿಲ್ಲ. ಏಕೆಂದರೆ ಅವನದು ಆಟ. ಅವಳದು ಲಸಿಕೆ. ಒಮ್ಮೆ ಹಾಕಿಸಿದರೆ ಮುಗಿಯಿತು. ಭಯದ ಕಾರಣಕ್ಕೆ ಕೊಟ್ಟ ಅನುಮತಿ ಭಯ ತೀರಿದ ದಿನ ವಾಪಸಾಗುತ್ತದೆ.

ಹೆಂಗಸರ ಗುರಿಯನ್ನು ಅಳೆಯಲು ಬೇರೆ ಪಡಿ ಇಡುವುದು ನಮ್ಮ ಮನೆಗಳಿಗಷ್ಟೇ ಸೀಮಿತವಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಸ್ಕೀಟ್ ಶೂಟಿಂಗ್ ಗಂಡು ಹೆಣ್ಣು ಎಲ್ಲರಿಗೂ ಒಂದೇ ಪಂದ್ಯ. ಗೆದ್ದವರು ಚೀನಾದ ಝಾಂಗ್ ಶಾನ್ ಎಂಬ ಮಹಿಳೆ. ಮುಂದಿನ 1996ರ ಒಲಿಂಪಿಕ್ಸಿನಲ್ಲಿ ಆ ಪಂದ್ಯದಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ! ಅವರಿಗೆಂದು ಪ್ರತ್ಯೇಕ ಸ್ಕೀಟ್ ಬಂದದ್ದು 2000ದಲ್ಲಿ. ಏರ್ ಪಿಸ್ತೂಲಿನಲ್ಲೂ ಗುರಿ ಅದೇ, ದೂರ ಅದೇ, ಆದರೆ ಗಂಡಸರಿಗೆ 60 ಹೊಡೆತ, ಹೆಂಗಸರಿಗೆ 40. ಸಮವಾದದ್ದು 2018ರಲ್ಲಿ. ಆರೇ ವರ್ಷಕ್ಕೆ, ಪ್ಯಾರಿಸ್ಸಿನಲ್ಲಿ, ಆ 60 ಹೊಡೆತಗಳ ಸುತ್ತು ದಾಟಿ ಮನು ಭಾಕರ್ ಕಂಚು ಗೆದ್ದರು. ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು. ಪದಕ ಬಂದರೆ ಮಾತ್ರ ಆಟ, ಬಾರದಿದ್ದರೆ ಆತ್ಮರಕ್ಷಣೆಯೇ?

“ಇದು ದುಡ್ಡಿದ್ದವರ ಚಟ” ಎನ್ನುವವರಿಗೆ ಅರ್ಧ ಮಾತು ಬಿಟ್ಟುಕೊಡುತ್ತೇನೆ. ಪಂದ್ಯಕ್ಕೆ ಒಗ್ಗುವ ವಿದೇಶಿ ಏರ್ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಆದರೆ ಕಲಿಯುವವರಿಗೆ ಕ್ಲಬ್ಬಿನ ಪಿಸ್ತೂಲು ಸಿಗುತ್ತದೆ. ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯಲ್ಲಿ ಚಂದ್ರೋ ತೋಮರ್ ಮೊಮ್ಮಗಳ ಜೊತೆ ರೇಂಜಿಗೆ ಹೋಗಿ ಪಿಸ್ತೂಲು ಹಿಡಿದಾಗ ಅವರಿಗೆ ಅರವತ್ತು ದಾಟಿತ್ತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ರಾಹಿ ಸರ್ನೋಬತ್ ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದವರು. 2023ರ ಬಾಕು ವಿಶ್ವಕಪ್ಪಿನಲ್ಲಿ ಮಿಶ್ರ ತಂಡದ ಚಿನ್ನ ತಂದ ದಿವ್ಯಾ ಟಿ.ಎಸ್. ಬೆಂಗಳೂರಿನವರು. ಅವರ ಹೆಸರು ಕೇಳಿದ ಕನ್ನಡಿಗರು ನಮ್ಮ ಸಂಘಗಳಲ್ಲಿ ಎಷ್ಟು ಜನ?

“ಕೋವಿ ಕೈಯಲ್ಲಿದ್ದರೆ ಹಿಂಸೆಯ ಬುದ್ಧಿ ಬರುತ್ತದೆ” ಎಂಬ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆಮನೆಗೆ ಬಂದೂಕು ಬೇಡ ಎಂಬವರ ಪೈಕಿ ನಾನೂ ಒಬ್ಬಳು. ಆದರೆ ರೇಂಜಿನಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ. ನಳಿಕೆ ಸದಾ ಗುರಿಯ ಕಡೆಗೇ ಇರಬೇಕು, ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು, ‘ಸ್ಟಾಪ್’ ಎಂದ ಕೂಡಲೇ ನಿಲ್ಲಿಸಬೇಕು. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಹೆಂಗಸರೂ ಕೋವಿ ಎತ್ತುತ್ತಾರೆ. ಅಲ್ಲಿ ಯಾರೂ ಅದನ್ನು ಕರಾಟೆ ಕ್ಲಾಸು ಎಂದು ತಿಳಿಯುವುದಿಲ್ಲ.

ಹಾಗಾಗಿ ಹೊರನಾಡಿನ ನಮ್ಮ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ ಗಂಡಸರಿಗೆ ಕ್ರಿಕೆಟ್, ಹೆಂಗಸರಿಗೆ ರಂಗೋಲಿ ಎಂಬ ಪಟ್ಟಿಯನ್ನು ಎಷ್ಟು ವರ್ಷ ಓಡಿಸುತ್ತೀರಿ? ದೆಹಲಿಯಲ್ಲಿ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜ್ ಇದೆ, ಪುಣೆಯಲ್ಲಿ ಬಾಲೇವಾಡಿ ಇದೆ. ಒಂದು ಭಾನುವಾರ ಹೆಣ್ಣುಮಕ್ಕಳನ್ನು ಪಂದ್ಯ ನೋಡಲು ಕರೆದುಕೊಂಡು ಹೋಗಿ. ಆಹ್ವಾನಪತ್ರಿಕೆಯಲ್ಲಿ ‘ಮಹಿಳಾ ಸುರಕ್ಷತೆ’ ಎಂದು ಮಾತ್ರ ಅಚ್ಚು ಹಾಕಿಸಬೇಡಿ. ಸುರಕ್ಷತೆ ಬೇಕಿದ್ದರೆ ಪಾಲಿಕೆಗೆ ಬೀದಿದೀಪದ ಅರ್ಜಿ ಬರೆಯಿರಿ, ಮೊದಲ ಸಹಿ ನಾನೇ ಹಾಕುತ್ತೇನೆ.

ಅಪ್ಪಂದಿರಿಗೆ ಇನ್ನೂ ಚಿಕ್ಕ ಕೋರಿಕೆ: ಮಗಳ ಹತ್ತನೇ ಕ್ಲಾಸಿನ ವರ್ಷವೂ ರೇಂಜಿನ ಫೀಸು ಕಟ್ಟಿ.